ಎರಡನ್ನು ಪಕ್ಕದಲ್ಲಿಟ್ಟು ನೋಡಿ: ತಾಳೆ ನೋಡುವುದನ್ನು ರೂಢಿ ಮಾಡಿಕೊಳ್ಳುವ ಬಗೆ

ಕೆಲವು ವರ್ಷಗಳ ಹಿಂದೆ ಸಾಗರದ ಪೇಟೆಯಲ್ಲಿ ನಾನು ಐನೂರು ಮಾವಿನ ಮಿಡಿ ಕೊಂಡೆ. ಅಪ್ಪೆಮಿಡಿ ಅಂದರು, ಅದೇ ಪರಿಮಳಕ್ಕೆ ಹೆಸರಾದ ಉಪ್ಪಿನಕಾಯಿ ಮಾವು. ನೋಡಲು ಅಪ್ಪೆಮಿಡಿಯ ಹಾಗೇ ಇತ್ತು. ರೇಟಂತೂ ಅಪ್ಪಟ ಅಪ್ಪೆಮಿಡಿಯದ್ದೇ. ತಂದು ಉಪ್ಪಿಗೆ ಹಾಕಿದೆ. ಎರಡು ತಿಂಗಳು ಬಿಟ್ಟು ಭರಣಿಯ ಬಾಯಿ ಬಿಚ್ಚಿದರೆ ಅರ್ಧಕ್ಕರ್ಧ ಮಿಡಿ ಮೆತ್ತಗಾಗಿತ್ತು. ಪರಿಮಳ ಹೆಸರಿಗೂ ಇರಲಿಲ್ಲ. ಅಜ್ಜಿ ಒಂದನ್ನು ಕಚ್ಚಿ ನೋಡಿ, "ಇದು ಯಾವುದೋ ಕಾಡುಮಾವು ಮಾರಾಯ್ತಿ. ಒಂದನ್ನೇ ನೋಡಿ ತಂದಿದ್ದೀಯ" ಅಂದರು.

"ಒಂದಲ್ಲ ಅಜ್ಜಿ, ಐನೂರು ನೋಡಿದ್ದೀನಿ."

"ಐನೂರೂ ಒಂದೇ ಮರದ್ದಲ್ವಾ?"

ಮಾರನೇ ವರ್ಷ ಮಿಡಿ ಕಾಲಕ್ಕೆ ಅಜ್ಜಿಯೇ ಜೊತೆಗೆ ಬಂದರು. ನಮ್ಮ ಹೊಳೆ ದಂಡೆಯ ಅಪ್ಪೆಮರ ಆ ವರ್ಷ ಕೈಕೊಟ್ಟಿತ್ತು, ಬಿಟ್ಟಿದ್ದು ಒಂದು ಹಿಡಿ. ಅದರಲ್ಲಿ ನಾಲ್ಕು ಮಿಡಿಯನ್ನು ತೊಟ್ಟಿನ ಸಮೇತ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಪೇಟೆಯಲ್ಲಿ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೊದಲು ತಮ್ಮ ಮಿಡಿಯ ತೊಟ್ಟು ಮುರಿದರು. ಸೊನೆ ಒಸರಿತು. ಮೂಸಿದರು. ಆಮೇಲೆ ಬುಟ್ಟಿಯದ್ದರ ತೊಟ್ಟು ಮುರಿದು ಮೂಸಿದರು. ಮತ್ತೆ ತಮ್ಮದು. ಮತ್ತೆ ಬುಟ್ಟಿಯದ್ದು. ಮಾರುವವನಿಗೆ ತಾಳ್ಮೆ ಕೆಟ್ಟಿತು. "ಎಷ್ಟು ಸಲ ಮೂಸ್ತೀರಿ ಅಮ್ಮಾ?"

"ಮೂಗಿಗೆ ಮರೆವು ಜಾಸ್ತಿ ತಮ್ಮಾ. ನೆನಪು ಮಾಡಿಕೊಡ್ತಾ ಇರಬೇಕು."

ಎರಡು ಬುಟ್ಟಿ ಬಿಟ್ಟು ಮೂರನೆಯದರಲ್ಲಿ ಕೊಂಡರು. ಆ ಭರಣಿ ಮೂರು ವರ್ಷ ಬಂತು. ಕೊನೆಯ ಮಿಡಿಯೂ ಕಚ್ಚಿದರೆ ಕಟುಂ ಅನ್ನುತ್ತಿತ್ತು.

ಅಜ್ಜಿ ಮಾಡಿದ್ದಕ್ಕೆ ನಮ್ಮಲ್ಲಿ ಒಳ್ಳೆಯ ಮಾತೊಂದಿದೆ: ತಾಳೆ ನೋಡುವುದು. ಲೆಕ್ಕವನ್ನು ತಾಳೆ ನೋಡುತ್ತೇವೆ, ಜಾತಕವನ್ನು ತಾಳೆ ನೋಡುತ್ತೇವೆ. ಹಕ್ಕಿ, ಕಲ್ಲು, ರಾಗ, ವೇಷ, ಗೋಡೆಯ ಚಿತ್ತಾರ ಇಂಥದ್ದನ್ನು ಮಾತ್ರ ಒಂದೊಂದಾಗಿ ನೋಡಿ, "ಚೆನ್ನಾಗಿದೆ" ಅಂದು ಮುಂದೆ ಹೋಗುತ್ತೇವೆ. ಪಕ್ಕದಲ್ಲಿ ಇನ್ನೊಂದು ಇಟ್ಟ ಮೇಲೆ ಮೊದಲನೆಯದು ನಿಜವಾಗಿ ಕಾಣಿಸಲು ಶುರುವಾಗುತ್ತದೆ. ಅದನ್ನು ದಿನನಿತ್ಯ ಮಾಡುವುದು ಹೇಗೆ ಅಂತ ನಾನು ಕಂಡುಕೊಂಡ ರೀತಿಯನ್ನು ಇಲ್ಲಿ ಬರೆದಿದ್ದೇನೆ. ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ವಾರಕ್ಕೆ ಅರ್ಧ ಗಂಟೆ.

ಹಂತ 1: ಅಣ್ಣತಮ್ಮಂದಿರಂಥ ಜೋಡಿ ಹುಡುಕಿ

ಹಲಸಿನ ಹಣ್ಣಿಗೂ ನೇರಳೆ ಹಣ್ಣಿಗೂ ಏನು ವ್ಯತ್ಯಾಸ ಅಂದರೆ ಮಗುವೂ ಹೇಳುತ್ತದೆ. ಅದರಲ್ಲಿ ಕಣ್ಣಿಗೆ ಕೆಲಸವಿಲ್ಲ. ಮೊದಲ ನೋಟಕ್ಕೆ ಒಂದೇ ಅನ್ನಿಸುವ ಎರಡನ್ನು ಆರಿಸಿಕೊಳ್ಳಬೇಕು. ಶುರು ಮಾಡುವುದಕ್ಕೆ ಕಾಗೆಗಿಂತ ಒಳ್ಳೆಯದಿಲ್ಲ. ದುಡ್ಡಿಲ್ಲ, ಹುಡುಕಬೇಕಿಲ್ಲ, ಕರೆಯದೆಯೇ ಬರುತ್ತದೆ.

ನಮ್ಮ ಸುತ್ತಮುತ್ತ ಕಾಗೆಯಲ್ಲಿ ಎರಡು ಜಾತಿ. ಊರು ಕಾಗೆಗೆ ಕುತ್ತಿಗೆ, ಎದೆಯ ಭಾಗ ಬೂದಿ ಬಣ್ಣ. ಕಾಡು ಕಾಗೆ ಅಡಿಯಿಂದ ಮುಡಿವರೆಗೂ ಕಪ್ಪು, ಕೊಕ್ಕು ದಪ್ಪ, ದನಿ ಗಡಸು. ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ನಾನು ಹೆಚ್ಚಾಗಿ ನೋಡುವುದು ಊರು ಕಾಗೆ. ತೋಟದ ಮನೆಗೆ ಹೋದರೆ ಕಾಡು ಕಾಗೆ. ಇಷ್ಟು ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು. ತಿಥಿಯ ದಿನ ಪಿಂಡ ಇಟ್ಟು ಕಾಗೆಗೆ ಕಾಯುತ್ತೇವಲ್ಲ, ಆಗಲೂ ಯಾವ ಕಾಗೆ ಅಂತ ಯಾರೂ ನೋಡುವುದಿಲ್ಲ. ಬಂತಲ್ಲ ಅನ್ನುವುದೇ ಸಮಾಧಾನ.

ಬೆಳಿಗ್ಗೆ ಕಟ್ಟೆಯ ಮೇಲೆ ಒಂದು ಹಿಡಿ ಅನ್ನ ಹಾಕಿ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಕುತ್ತಿಗೆ ನೋಡಿ, ಕೊಕ್ಕು ನೋಡಿ, ಕಣ್ಣು ಮುಚ್ಚಿ ದನಿ ಕೇಳಿ. ನಾಲ್ಕೈದು ದಿನ ಮಾಡಿದರೆ ಸಾಕು, ಆಮೇಲೆ ನೋಡದೆಯೇ ಯಾವ ಕಾಗೆ ಕೂಗಿದ್ದು ಅಂತ ಗೊತ್ತಾಗುತ್ತದೆ.

ಇದು ಕೈಗೆ ಬಂದ ಮೇಲೆ ಮಳೆಗಾಲದಲ್ಲಿ ಒಮ್ಮೆ ಮಂಡಗದ್ದೆಗೆ ಹೋಗಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ತುಂಗೆಯ ನಡುವಿನ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟಿರುತ್ತವೆ. ಅಲ್ಲಿಯ ಜೋಡಿ ನೀರುಕಾಗೆ ಮತ್ತು ಹಾವಕ್ಕಿ. ಎರಡೂ ಕಪ್ಪು, ಎರಡೂ ಮುಳುಗಿ ಮೀನು ಹಿಡಿಯುತ್ತವೆ, ಎರಡೂ ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸುತ್ತವೆ. ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆಯ ಹಾಗೆ ಬಾಗಿದೆ. ಹಾವಕ್ಕಿಯ ಕೊಕ್ಕು ದಬ್ಬಣದಂತೆ ನೇರ, ಚೂಪು. ಅದು ಈಜುವಾಗ ಮೈ ನೀರಿನೊಳಗೆ, ಕತ್ತು ಮಾತ್ರ ಮೇಲೆ, ಹಾವು ತಲೆ ಎತ್ತಿದ ಹಾಗೆ. ಹೆಸರು ಇಟ್ಟವರು ಸರಿಯಾಗಿಯೇ ನೋಡಿದ್ದಾರೆ.

ಹಂತ 2: ಗೊತ್ತಿರುವ ಒಂದು ಜೊತೆಗಿರಲಿ

ಇದು ಅಜ್ಜಿಯ ಸೆರಗಿನ ಗಂಟು. ಎರಡೂ ಗೊತ್ತಿಲ್ಲದ ವಸ್ತುಗಳಾದರೆ ತಾಳೆ ನೋಡಿ ಪ್ರಯೋಜನವಿಲ್ಲ, ಕುರುಡ ಕುರುಡನಿಗೆ ದಾರಿ ತೋರಿಸಿದ ಹಾಗೆ. ಒಂದರ ಬಗ್ಗೆ ನಿಮಗೆ ಖಾತ್ರಿ ಇರಬೇಕು. ಅದನ್ನು ಕೈಯಲ್ಲಿ ಹಿಡಿದು ಇನ್ನೊಂದರ ಹತ್ತಿರ ಹೋಗಬೇಕು.

ಗಾಂಧಿ ಬಜಾರಿಗೆ ಮ್ಯಾಚಿಂಗ್ ಬ್ಲೌಸ್ ಪೀಸ್ ತರಲು ಹೋಗುವಾಗ ನಾವೆಲ್ಲ ಸೀರೆಯನ್ನೇ ಒಯ್ಯುತ್ತೇವೆ. "ಅದೇ, ನವಿಲು ಬಣ್ಣದ್ದು" ಅಂತ ನೆನಪಿನಿಂದ ಹೇಳಿ ತಂದವರು ಎಲ್ಲರೂ ಒಮ್ಮೆ ಮೋಸ ಹೋದವರೇ. ಬಣ್ಣದ ನೆನಪು ಮನೆಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಮಾಸುತ್ತದೆ. ಸೀರೆಗೆ ಮಾಡುವುದನ್ನು ನಾವು ಉಳಿದದ್ದಕ್ಕೆ ಮಾಡುವುದಿಲ್ಲ, ಅಷ್ಟೇ.

ಮೊಬೈಲ್ ಫೋಟೋ ಇದೆಯಲ್ಲ ಅಂತ ನೀವು ಕೇಳಬಹುದು. ಆಕಾರಕ್ಕೆ ಅಡ್ಡಿಯಿಲ್ಲ. ಬಣ್ಣಕ್ಕೆ ನಂಬಬೇಡಿ. ಪರಿಮಳ, ತೂಕ, ಮುಟ್ಟಿದಾಗಿನ ನುಣುಪು ಫೋಟೋದಲ್ಲಿ ಬರುವುದಿಲ್ಲ.

ಅಡಿಕೆ ಬೆಳೆಯುವವರಿಗೆ ಇದು ಹೊಸದೇನಲ್ಲ. ಒಂದೇ ಮರದ ಕಾಯಿ, ಕೊಯ್ಯುವಾಗ ಎಷ್ಟು ಬಲಿತಿತ್ತು, ಆಮೇಲೆ ಏನು ಮಾಡಿದರು ಅನ್ನುವುದರ ಮೇಲೆ ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ಹೆಸರು, ಬೇರೆ ಬೇರೆ ರೇಟು. ಹಸಿ ಕಾಯಿ ಸುಲಿದು ಚೊಗರಿನಲ್ಲಿ, ಅಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿ, ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಾದದ್ದನ್ನು ಸಿಪ್ಪೆ ಸಮೇತ ಬಿಸಿಲಿಗೆ ಹರವಿ, ಒಣಗಿದ ಮೇಲೆ ಸುಲಿದರೆ ಚಾಲಿ. ಮಂಡಿಯಲ್ಲಿ ಹಳಬರು ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ತೆಗೆದು ಇನ್ನೊಂದು ಕೈಯಲ್ಲಿರುವುದರ ಪಕ್ಕ ಹಿಡಿಯುತ್ತಾರೆ. ಅವರ ಮುಖ ನೋಡಬೇಡಿ, ಎರಡೂ ಕೈ ನೋಡಿ.

ಹಂತ 3: ಬೆಳಕು, ಹೊತ್ತು, ಜಾಗ ಎರಡಕ್ಕೂ ಒಂದೇ ಇರಲಿ

ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿದ ಸೀರೆಯನ್ನು ಬಾಗಿಲಾಚೆ ತಂದು ನೋಡುತ್ತೇವಲ್ಲ, ಅದೇ ತತ್ವ. ಒಂದು ಕಾಫಿಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಇನ್ನೊಂದನ್ನು ಊಟದ ಮೇಲೆ ಕುಡಿದು ಯಾವುದು ಗಟ್ಟಿ ಅಂತ ಹೇಳಲು ಬರುವುದಿಲ್ಲ. ಎರಡು ಲೋಟ, ಒಂದೇ ಹಾಲು, ಒಂದೇ ಸಕ್ಕರೆ, ಪುಡಿ ಮಾತ್ರ ಬೇರೆ. ಇದರ ಬಗ್ಗೆ ಇನ್ನು ಜಾಸ್ತಿ ಹೇಳುವುದಿಲ್ಲ.

ಹಂತ 4: ಸಮ ಇರುವುದನ್ನು ಮೊದಲು ಬರೆಯಿರಿ

ವ್ಯತ್ಯಾಸ ಹುಡುಕಿ ಅಂದರೆ ಎಲ್ಲರೂ ನೇರ ವ್ಯತ್ಯಾಸಕ್ಕೇ ಕೈ ಹಾಕುತ್ತಾರೆ. ನನ್ನ ಅನುಭವದಲ್ಲಿ ಅದು ಸುತ್ತು ದಾರಿ. ಏನೇನು ಒಂದೇ ಅಂತ ಪಟ್ಟಿ ಮಾಡುತ್ತಾ ಹೋದರೆ, ಪಟ್ಟಿಗೆ ಸೇರದೆ ಉಳಿದದ್ದು ತಾನಾಗಿ ಎದ್ದು ನಿಲ್ಲುತ್ತದೆ.

ಇದು ನನಗೆ ಅರ್ಥವಾದದ್ದು ಸಂಗೀತದಿಂದ. ನನಗೆ ಹಾಡಲು ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಅದು, ಇಲ್ಲದಿದ್ದರೆ ಮೊಬೈಲಿನ ಪಿಯಾನೋ ಆ್ಯಪ್ ಸಾಕು. ಎರಡು ಕರಿ ಮನೆ ಒಟ್ಟಿಗಿರುವ ಜಾಗ ಹುಡುಕಿ. ಅದರ ಎಡಗಡೆ ಅಂಟಿಕೊಂಡಿರುವ ಬಿಳಿ ಮನೆ ನಿಮ್ಮ ಸ. ಅಲ್ಲಿಂದ ಬಿಳಿ ಮನೆಗಳನ್ನು 1, 2, 3 ಅಂತ ಎಣಿಸಿ. ಈಗ 1, 2, 3, 5, 6 ಒತ್ತಿ, ಆಮೇಲೆ 8. ಅದು ಮೋಹನ: ಸ ರಿ ಗ ಪ ದ ಸ. ಮತ್ತೆ 1, 2, 3, 5, 7, 8 ಒತ್ತಿ. ಅದು ಹಂಸಧ್ವನಿ: ಸ ರಿ ಗ ಪ ನಿ ಸ.

ನಾಲ್ಕು ಸ್ವರ ಅವೇ. ಬದಲಾಗಿದ್ದು ಒಂದೇ ಒಂದು, ದ ಹೋಗಿ ನಿ ಬಂತು. ಆದರೆ ಕೇಳಲು ಮನೆಯೇ ಬದಲಾದ ಹಾಗಿದೆ. ಯಾಕೆ? ಮೋಹನದ ದ ಮೇಲಿನ ಸ-ದಿಂದ ಆರಾಮಾಗಿ ದೂರ ಕೂತಿದೆ. ಹಂಸಧ್ವನಿಯ ನಿ ಸ-ದ ಮಗ್ಗುಲಲ್ಲೇ ಇದೆ, ನಡುವೆ ಒಂದು ಕರಿ ಮನೆಯೂ ಇಲ್ಲ. ಅಲ್ಲಿ ನಿಂತರೆ ಕಿವಿ ಮೇಲಿನ ಸ ಬೇಕು ಬೇಕು ಅನ್ನುತ್ತದೆ. ಏಳರಲ್ಲಿ ಬೆರಳಿಟ್ಟು ನಿಲ್ಲಿಸಿ ನೋಡಿ, ಪಕ್ಕದ ಕೋಣೆಯಿಂದ ಯಾರಾದರೂ "ಮುಗಿಸು ಮಾರಾಯ್ತಿ" ಅಂತ ಕೂಗುತ್ತಾರೆ. ನಮ್ಮ ಮನೆಯಲ್ಲಿ ಕೂಗಿದರು.

ಇದಕ್ಕಿಂತ ಸೂಕ್ಷ್ಮದ್ದೂ ಒಂದಿದೆ. ಹಿಂದೂಸ್ತಾನಿಯಲ್ಲಿ ಭೂಪ್ ಮತ್ತು ದೇಶ್‌ಕಾರ್ ಅಂತ ಎರಡು ರಾಗ. ಎರಡಕ್ಕೂ ಮೋಹನದ ಅದೇ ಐದು ಸ್ವರ. ಒಂದೂ ಬೇರೆಯಿಲ್ಲ. ಭೂಪ್‌ನಲ್ಲಿ ಗ-ಗೆ ಯಜಮಾನಿಕೆ, ಹಾಡುವವರು ಅಲ್ಲಿ ಹೋಗಿ ಹೋಗಿ ಕೂರುತ್ತಾರೆ. ದೇಶ್‌ಕಾರ್‌ನಲ್ಲಿ ದ-ಗೆ. ಭೂಪ್ ಸಂಜೆ ಮೇಲಿನ ರಾಗ, ದೇಶ್‌ಕಾರ್ ಬೆಳಗಿನದು. ಸಾಮಾನೆಲ್ಲ ಒಂದೇ ಆದರೂ ವ್ಯತ್ಯಾಸ ಇರಬಹುದು, ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತೇವೆ ಅನ್ನುವುದರಲ್ಲಿ.

ನಮ್ಮ ಮನೆಯ ಒಂದೆಲಗದ ತಂಬುಳಿಯೂ ಹೀಗೆಯೇ. ಅಮ್ಮನದಕ್ಕೂ ಅತ್ತೆಯದಕ್ಕೂ ಅದೇ ಸೊಪ್ಪು, ಅದೇ ಕಾಯಿತುರಿ, ಜೀರಿಗೆ, ಕಾಳುಮೆಣಸು, ಮಜ್ಜಿಗೆ. ಅಮ್ಮ ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ ರುಬ್ಬುತ್ತಾರೆ. ಅತ್ತೆ ಹಸಿಯಾಗಿ ರುಬ್ಬುತ್ತಾರೆ. ಕಣ್ಣು ಕಟ್ಟಿ ಕೊಟ್ಟರೂ ಹೇಳಬಲ್ಲೆ. ಯಾವುದು ಇಷ್ಟ ಅಂತ ಮಾತ್ರ ಕೇಳಬೇಡಿ, ಇಬ್ಬರೂ ಇದನ್ನು ಓದುತ್ತಾರೆ.

ಹಂತ 5: "ಚೆನ್ನಾಗಿದೆ" ಅನ್ನುವ ಮಾತನ್ನು ಅರ್ಧ ಗಂಟೆ ಬದಿಗಿಡಿ

ತಂಬುಳಿ ಬಿಟ್ಟು ಯಕ್ಷಗಾನಕ್ಕೆ ಬಂದರೆ ಇದು ಬಹಳ ಕಷ್ಟ. ನಾವು ಘಟ್ಟದ ಮೇಲಿನವರು ಬಡಗುತಿಟ್ಟು, ಅಂದರೆ ಉತ್ತರದ ಶೈಲಿ, ನೋಡಿ ಬೆಳೆದವರು. ನನ್ನ ಬಾವ ಪುತ್ತೂರು ಕಡೆಯವರು, ದಕ್ಷಿಣದ ಶೈಲಿಯಾದ ತೆಂಕುತಿಟ್ಟು ಅಂದರೆ ಪ್ರಾಣ. ಹಬ್ಬಕ್ಕೆ ಸೇರಿದಾಗಲೆಲ್ಲ ಯಾವುದು ದೊಡ್ಡದು ಅಂತ ಶುರುವಾಗುತ್ತದೆ. ಹೋಳಿಗೆ ತಣ್ಣಗಾಗುತ್ತದೆ, ಮಾತು ಬಿಸಿಯಾಗುತ್ತದೆ, ಯಾರಿಗೂ ಏನೂ ಹೊಸದಾಗಿ ತಿಳಿದಿರುವುದಿಲ್ಲ.

ಒಂದು ಸಲ ಬಾವನೇ ಉಪಾಯ ಹೇಳಿದರು. "ಇವತ್ತು ಯಾರೂ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ. ಕಂಡದ್ದು ಮಾತ್ರ ಹೇಳುವುದು." ಎರಡು ತಿಟ್ಟಿನ ವಿಡಿಯೋ ಹಾಕಿದರು, ಎರಡರಲ್ಲೂ ಯುದ್ಧದ ಸನ್ನಿವೇಶ. ನಾವು ಸುತ್ತ ಕೂತೆವು.

ಮೊದಲು ಕಿವಿಗೆ ಬಿದ್ದದ್ದು ಚಂಡೆ. ತೆಂಕಿನ ಚೆಂಡೆ ದೊಡ್ಡದು, ಹೆಗಲಿಗೆ ತೂಗಿಸಿಕೊಂಡು ನಿಂತು ಬಾರಿಸುತ್ತಾರೆ. ಬಡಗಿನದು ಸಣ್ಣದು, ಕೆಳಗೆ ಇಟ್ಟು ಬಾರಿಸುವುದು, ದನಿ ಚೂಪು. ತೆಂಕಿನ ಹಿಮ್ಮೇಳದಲ್ಲಿ ಚಕ್ರತಾಳವೂ ಇರುತ್ತದೆ. ಆಮೇಲೆ ಕುಣಿತ. ತೆಂಕಿನಲ್ಲಿ ಧಿಗಿಣ, ಗಾಳಿಯಲ್ಲಿ ಹಾರಿ ಸುತ್ತುವುದು. ಬಡಗಿನಲ್ಲಿ ಮಂಡಿ, ಮೊಣಕಾಲೂರಿ ನೆಲದ ಮೇಲೆ ತಿರುಗುವುದು. ಅತ್ತಿಗೆ ಅಷ್ಟು ಹೊತ್ತು ಸುಮ್ಮನಿದ್ದವರು, "ಅದು ಮೇಲಕ್ಕೆ ಹೋಗುತ್ತೆ, ಇದು ಕೆಳಕ್ಕೆ ಹೋಗುತ್ತೆ" ಅಂದರು. ಇಪ್ಪತ್ತು ವರ್ಷದ ಜಗಳದಲ್ಲಿ ಇಷ್ಟು ಸರಿಯಾದ ಮಾತನ್ನು ಯಾರೂ ಆಡಿರಲಿಲ್ಲ. ಆಮೇಲೆ ವೇಷ ನೋಡಿದೆವು. ಬಡಗಿನಲ್ಲಿ ಎಳೆಯ ವೀರರಿಗೆ ಕಟ್ಟುವ ಕೇದಗೆ ಮುಂದಲೆಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ, ಅದು ಕೇದಗೆ ಹೂವಿನ ಎಸಳಿನ ಆಕಾರ ಅಂತ ಗಮನಿಸಿದ್ದು ಆ ದಿನವೇ. ತೆಂಕಿನ ಕಿರೀಟ ಪಕ್ಕದಲ್ಲಿ ಇಲ್ಲದಿದ್ದರೆ ಗಮನಿಸುತ್ತಿರಲಿಲ್ಲ.

ನೀವೂ ಹೀಗೆ ಮಾಡಿ. ಒಬ್ಬರು ಒಂದು ಸಲಕ್ಕೆ ಒಂದೇ ವ್ಯತ್ಯಾಸ ಹೇಳಬೇಕು, ಹೇಳಿದ್ದನ್ನು ಇನ್ನೊಬ್ಬರು ತೋರಿಸು ಅಂದರೆ ಬೆರಳಿಟ್ಟು ತೋರಿಸಬೇಕು. ತೋರಿಸಲು ಆಗದಿದ್ದರೆ ಅದು ಅಭಿಪ್ರಾಯ. ಅಭಿಪ್ರಾಯ ಅರ್ಧ ಗಂಟೆ ಆದ ಮೇಲೆ ಧಾರಾಳವಾಗಿ ಹೇಳಬಹುದು. ಬಾವ ಈಗಲೂ ತೆಂಕೇ ದೊಡ್ಡದು ಅನ್ನುತ್ತಾರೆ.

ಹಂತ 6: ಯಾಕೆ ಹೀಗೆ ಅಂತ ಕೇಳಿ

ವ್ಯತ್ಯಾಸ ಸಿಕ್ಕಿದ ಮೇಲೆ ಬಿಡಬಾರದು. ಬಹುಪಾಲು ವ್ಯತ್ಯಾಸದ ಹಿಂದೆ ಒಂದು ಕಾರಣ ಕೂತಿರುತ್ತದೆ. ಎಷ್ಟೋ ಸಲ ಅದು ಕೈಗೆ ಸಿಕ್ಕಿದ ಸಾಮಾನು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನ ಮತ್ತು ಸಾಗರದ ಹತ್ತಿರದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ನೋಡಿ. ಮೊದಲನೆಯದು 11-12ನೇ ಶತಮಾನದ್ದು, ಮೂರು ಗರ್ಭಗುಡಿಯ ತ್ರಿಕೂಟ. ಎರಡನೆಯದು ಕೆಳದಿ ನಾಯಕರ ಕಾಲದ್ದು, 16ನೇ ಶತಮಾನ. ಬಳ್ಳಿಗಾವಿಯ ಕಂಬ ಬುಗುರಿ ತಿರುಗಿಸಿದ ಹಾಗೆ ದುಂಡಗೆ, ನುಣ್ಣಗೆ. ಇಕ್ಕೇರಿಯಲ್ಲಿ ಎಲ್ಲವೂ ದೊಡ್ಡದು, ಭಾರದ್ದು. ಹತ್ತಿರ ಹೋದರೆ ಕಲ್ಲಿನ ಕಣ ಕಣ ಕಾಣುತ್ತದೆ.

ಸಾಮಾನ್ಯವಾಗಿ ಜನ ಇಲ್ಲಿ "ಹಳಬರ ಕೈಚಳಕ ಹೆಚ್ಚು" ಅಂದು ಮುಗಿಸುತ್ತಾರೆ. ಕಲ್ಲನ್ನು ಕೇಳುವುದಿಲ್ಲ. ಬಳ್ಳಿಗಾವಿಯದ್ದು ಬಳಪದ ಕಲ್ಲು. ಸ್ಲೇಟಿನ ಮೇಲೆ ಬರೆಯುತ್ತಿದ್ದೆವಲ್ಲ, ಆ ಬಳಪದ ಬಂಧು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದು ಬರುಬರುತ್ತಾ ಗಟ್ಟಿಯಾಗುತ್ತದೆ. ಹಾಗಾಗಿ ಮಣಿಸರದ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಸಾಧ್ಯವಾಯಿತು. ಇಕ್ಕೇರಿಯದ್ದು ಗ್ರಾನೈಟ್. ಅದರಲ್ಲಿ ಅಂಥ ಮಣಿ ಬಿಡಿಸಹೊರಟರೆ ಉಳಿಯ ಬಾಯಿ ಹೋಗುತ್ತದೆ. ಅಲ್ಲಿನ ಶಿಲ್ಪಿ ಗಾತ್ರದಲ್ಲಿ, ಗೋಡೆಯ ನೆರಳು ಬೆಳಕಿನಲ್ಲಿ ತನ್ನ ಆಟ ಆಡಿದ್ದಾನೆ. ಇಷ್ಟು ಗೊತ್ತಾದ ಮೇಲೆ ನನಗೆ ಇಕ್ಕೇರಿಯ ಮೇಲೆ ಗೌರವ ಜಾಸ್ತಿಯಾಯಿತು. ಒಂದು ಮಾತು: ಮೆದು ಕಲ್ಲು ಅಂತ ಉಗುರು ಹಾಕಿ ಕೆರೆದು ನೋಡಬೇಡಿ.

ಇನ್ನೊಂದು ಜೋಡಿ ನನ್ನ ಹೊಟ್ಟೆಯುರಿಯದ್ದು. ಒಂದು ಮೇಳದ ಮಳಿಗೆಯಲ್ಲಿ ನಮ್ಮ ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಚಿತ್ತಾರವನ್ನು ಚೌಕಟ್ಟು ಹಾಕಿ ಇಟ್ಟಿದ್ದರು. ಕೆಳಗೆ ಚೀಟಿ: "ಮಲೆನಾಡು ವಾರ್ಲಿ". ವಾರ್ಲಿ ಅಂದರೆ ಮಹಾರಾಷ್ಟ್ರದ ಆದಿವಾಸಿಗಳ ಗೋಡೆ ಚಿತ್ರ. ಮಳಿಗೆಯ ಹುಡುಗನಿಗೆ ಹೇಳಿದೆ. "ಎರಡೂ ಒಂದೇ ಅಲ್ವಾ ಮೇಡಂ, ಕೆಂಪು ಮೇಲೆ ಬಿಳಿ" ಅಂದ. ಸಿಟ್ಟು ಬಂತು, ಆದರೆ ಅವನ ಮಾತಿನಲ್ಲಿ ಅರ್ಧ ಸತ್ಯವೂ ಇತ್ತು. ಮೊಬೈಲಿನಲ್ಲಿ ಒಂದು ವಾರ್ಲಿ ತೆಗೆದು ಚಿತ್ತಾರದ ಪಕ್ಕ ಹಿಡಿದೆ.

ಸಮ ಇರುವುದು: ಎರಡೂ ಮನೆಯ ಗೋಡೆಯಲ್ಲಿ ಹುಟ್ಟಿದ್ದು, ಎರಡರ ಬಿಳಿಯೂ ಅಕ್ಕಿಯದು, ಎರಡಕ್ಕೂ ಮದುವೆ ಮನೆಯ ನಂಟು. ಬೇರೆ ಇರುವುದು: ಮಹಾರಾಷ್ಟ್ರದ ವಾರ್ಲಿಯಲ್ಲಿ ಮನುಷ್ಯ ಅಂದರೆ ತುದಿಗೆ ತುದಿ ತಾಗಿಸಿದ ಎರಡು ತ್ರಿಕೋನ, ಮೇಲೊಂದು ದುಂಡು ತಲೆ. ಅವರು ಕುಣಿಯುತ್ತಾರೆ, ಉಳುತ್ತಾರೆ, ಬೇಟೆಗೆ ಹೋಗುತ್ತಾರೆ. ಚಿತ್ತಾರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಎಳೆ. ಉದ್ದ, ಸಮಾನಾಂತರ, ಒಂದರ ಪಕ್ಕ ಒಂದು ನೆಯ್ದ ಹಾಗೆ ಹೋಗುವ ಗೆರೆಗಳು, ಅವುಗಳ ನಡುವೆ ಚೌಕ, ಹೆಣಿಗೆ. ಬಣ್ಣಕ್ಕೆ ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಬ್ರಷ್ ಪುಂಡಿ ನಾರಿನದು. ವಾರ್ಲಿಯವರದು ತುದಿ ಜಗಿದ ಬಿದಿರು ಕಡ್ಡಿ.

ನನಗನ್ನಿಸುವುದು, ಅರ್ಧ ಕಥೆ ಈ ಬ್ರಷ್ಷಿನಲ್ಲೇ ಇದೆ. ಮನೆಯಲ್ಲಿ ಪ್ರಯತ್ನಿಸಿದೆ. ನಾರಿನ ಕುಂಚ ಹಿಟ್ಟಿನ ನೀರನ್ನು ಹೀರಿ ಇಟ್ಟುಕೊಂಡು ಒಂದೇ ಸಮನೆ ಬಿಡುತ್ತದೆ, ಒಂದು ಮೊಳ ಗೆರೆ ಎಳೆದರೂ ತುಂಡಾಗುವುದಿಲ್ಲ. ಕಡ್ಡಿ ಎರಡು ಇಂಚಿಗೇ ಒಣಗಿತು, ಗಿಡ್ಡ ಗಿಡ್ಡ ಗೆರೆಗೇ ಸರಿ. ನನ್ನ ಗೆರೆ ಮಳೆಗಾಲದ ಎರೆಹುಳದ ಹಾಗೆ ಬಂತು, ಅದು ಬೇರೆ ವಿಷಯ. ಭೂಮಿ ಹುಣ್ಣಿಮೆಯ ಹೊತ್ತಿಗೆ ಸಾಗರ, ಸೊರಬ ಕಡೆಯ ಹಳ್ಳಿಗೆ ಹೋದರೆ ಪೂಜೆಗೆ ಹೊಲಕ್ಕೆ ಒಯ್ಯುವ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ನೋಡಬಹುದು. ಗೋಡೆಯ ಚಪ್ಪಟೆಯ ಮೇಲೆ ನೇರ ಇದ್ದ ಎಳೆ ಬುಟ್ಟಿಯ ಹೊಟ್ಟೆಯ ಮೇಲೆ ಏನಾಗುತ್ತದೆ ಅಂತ ಗಮನಿಸಿ.

ಹಂತ 7: ಅದೇ ಜಾಗ, ಬೇರೆ ದಿನ

ಎರಡು ವಸ್ತು ಸಿಗದಿದ್ದರೆ ಒಂದನ್ನೇ ಎರಡು ಸಲ ನೋಡಬಹುದು. ಇದಕ್ಕೆ ಅಲುಗಾಡದ ಒಂದು ಗುರುತು ಬೇಕು. ಶಿವಮೊಗ್ಗದವರಿಗೆ ಅದು ಸುಲಭ. ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯೊಳಗೆ ಒಂದು ಕಲ್ಲಿನ ಮಂಟಪ ಇದೆ. ಮಳೆಗಾಲದಲ್ಲಿ ಊರಿಗೆ ಊರೇ ಕೇಳುವ ಪ್ರಶ್ನೆ, "ಮಂಟಪ ಮುಳುಗ್ತಾ?" ಬೇಸಿಗೆಯಲ್ಲಿ ಒಮ್ಮೆ ಹೋಗಿ ಮಂಟಪದ ಚಿತ್ರ ಬರೆದಿಟ್ಟುಕೊಳ್ಳಿ, ಕಂಬ, ಕಟ್ಟೆ, ಚಾವಣಿ ಸಮೇತ. ಆರಿದ್ರಾ ಮಳೆ ಶುರುವಾದ ಮೇಲೆ ಅದೇ ಜಾಗದಲ್ಲಿ ನಿಂತು ನೀರಿನ ಗೆರೆ ಎಲ್ಲಿದೆ ಅಂತ ಆ ಚಿತ್ರದ ಮೇಲೇ ಗುರುತು ಹಾಕಿ. ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ. ಮಳೆ ನಕ್ಷತ್ರ ಒಂದೊಂದೂ 13-14 ದಿನ, ಹಾಗಾಗಿ ಪಂಚಾಂಗವೇ ನಿಮ್ಮ ವೇಳಾಪಟ್ಟಿ. ನೀರಿನ ಬಣ್ಣವನ್ನೂ ಬರೆಯಿರಿ. "ಕೆಂಪು" ಅಂದರೆ ಸಾಲದು. ಇಟ್ಟಿಗೆಯದ್ದಾ, ಹಾಲು ಕಮ್ಮಿಯಾದ ಚಹಾದ್ದಾ?

ಜೋಗವನ್ನೂ ಹೀಗೆ ಎರಡು ಸಲ ನೋಡಬೇಕು. ಸಾಗರದ ಕಡೆಯ ವೀಕ್ಷಣಾ ಜಾಗದಿಂದ ಎಡದಿಂದ ಬಲಕ್ಕೆ ರಾಜ, ರೋರರ್, ರಾಕೆಟ್, ರಾಣಿ. ರಾಜ 253 ಮೀಟರ್ ನೇರ ಕಂಬದ ಹಾಗೆ ಬೀಳುತ್ತದೆ. ರೋರರ್ ಗದ್ದಲ ಮಾಡುತ್ತಾ ಓರೆಯಾಗಿ ಇಳಿದು ನಡುದಾರಿಯಲ್ಲಿ ರಾಜನಿಗೆ ಸೇರಿಕೊಳ್ಳುತ್ತದೆ. ರಾಕೆಟ್ ಬಾಣ ಬಿಟ್ಟ ಹಾಗೆ ಚಿಮ್ಮಿ ಚಿಮ್ಮಿ ಬೀಳುತ್ತದೆ. ರಾಣಿ ಬಂಡೆಯ ಮೇಲೆ ನೊರೆಯ ಸೆರಗು ಹರಡಿ ಜಾರುತ್ತದೆ. ಲಿಂಗನಮಕ್ಕಿ ಅಣೆಕಟ್ಟು ತುಂಬಿ ನೀರು ಬಿಟ್ಟ ದಿನ ಹೋದರೆ ನಾಲ್ಕೂ ಕಲೆತು ಯಾವುದು ಯಾರು ತಿಳಿಯುವುದಿಲ್ಲ. ಜನ ಸೇರುವುದು ಆವತ್ತೇ. ನನ್ನ ಸಲಹೆ, ನೀರು ಹದವಾಗಿರುವ ದಿನ ಹೋಗಿ, ನಾಲ್ವರನ್ನೂ ಪರಿಚಯ ಮಾಡಿಕೊಂಡು ಬನ್ನಿ. ಆಮೇಲೆ ಬೇಕಾದರೆ ಪ್ರವಾಹ ನೋಡಿ.

ನೋಟ್‌ಬುಕ್ ಬಗ್ಗೆ ಎರಡು ಮಾತು

ಪುಟದ ನಡುವೆ ಒಂದು ಗೆರೆ ಎಳೆದು ಎಡಕ್ಕೆ ಒಂದು, ಬಲಕ್ಕೆ ಇನ್ನೊಂದು. ಮೇಲೆ ದಿನ, ಹೊತ್ತು, ಜಾಗ. ವಾಕ್ಯ ಬೇಡ, ತುಂಡು ಮಾತು ಸಾಕು. ಚಿತ್ರ ಬರೆಯಿರಿ, ಕೆಟ್ಟದಾಗಿ ಬಂದರೂ ಬರೆಯಿರಿ. ಬರೆಯಲು ಹೊರಟಾಗಲೇ ಕಾಗೆಯ ಕೊಕ್ಕು ಎಲ್ಲಿಂದ ಶುರುವಾಗುತ್ತದೆ ಅಂತ ನಿಮಗೆ ಗೊತ್ತಿಲ್ಲ ಅನ್ನುವುದು ಗೊತ್ತಾಗುವುದು. ಕಾರಣ ತಿಳಿಯದಿದ್ದಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಬಿಡಿ. ನನ್ನ ಪುಸ್ತಕದಲ್ಲಿ ಮೂರು ವರ್ಷದ ಹಳೆಯ ಪ್ರಶ್ನೆ ಚಿಹ್ನೆಗಳಿವೆ.

ಮೊದಲ ಪ್ರವಾಸಕ್ಕೆ ಒಂದು ಜೋಡಿ

ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ ಗಂಡಭೇರುಂಡ ಸೂಚಿಸುತ್ತೇನೆ. ರಾಜ್ಯದ ಲಾಂಛನದಲ್ಲಿ ಇರುವ ಎರಡು ತಲೆಯ ಹಕ್ಕಿ ಎಲ್ಲರಿಗೂ ಗೊತ್ತಿರುವುದೇ. ಅದನ್ನು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಅದು ನಿಮ್ಮ ಸೆರಗಿನ ಗಂಟು. ಒಂದು ದಿನ ಬಳ್ಳಿಗಾವಿಗೆ ಹೋಗಿ. ಶಿವಮೊಗ್ಗದಿಂದ ಸುಮಾರು 70 ಕಿಲೋಮೀಟರ್. ಅಲ್ಲಿಯ ಭೇರುಂಡೇಶ್ವರ ಕಂಬ 1047ರದ್ದು. ಅಲ್ಲಿಯ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಇನ್ನೊಂದು ದಿನ ಸಾಗರಕ್ಕೆ ಹೋಗಿ, ಅಲ್ಲಿಂದ ಕೆಳದಿಗೆ ಆರೇಳು ಕಿಲೋಮೀಟರ್. ರಾಮೇಶ್ವರ ದೇವಸ್ಥಾನದ ಆವರಣದಲ್ಲಿ ಚಾವಣಿಗೆ ಕೆತ್ತಿದ ಗಂಡಭೇರುಂಡ ಪೂರ್ತಿ ಹಕ್ಕಿ, ಬೇಟೆ ಹಿಡಿದುಕೊಂಡಿದೆ. ಕಾಲು ನೋಡಿ, ರೆಕ್ಕೆ ನೋಡಿ, ಎರಡು ಕತ್ತು ಎಲ್ಲಿ ಕೂಡುತ್ತದೆ ನೋಡಿ. ಲಾಂಛನದ ಹಕ್ಕಿ ಯಾವುದಕ್ಕೆ ಹತ್ತಿರ ಅಂತ ಬರೆದುಕೊಳ್ಳಿ.

ಚಾವಣಿ ನೋಡಿ ನೋಡಿ ಕತ್ತು ನೋಯುತ್ತದೆ. ಬ್ಯಾಗಿನಲ್ಲಿ ಒಂದು ಕೈಗನ್ನಡಿ ಇಟ್ಟುಕೊಂಡು ಹೋಗಿ. ಮಡಿಲಲ್ಲಿಟ್ಟುಕೊಂಡರೆ ತಲೆ ತಗ್ಗಿಸಿಯೇ ಆರಾಮಾಗಿ ನೋಡಬಹುದು, ಬರೆಯಬಹುದು. ಕನ್ನಡಿಯಲ್ಲಿ ಎಡ ಬಲ ಅದಲು ಬದಲಾಗುತ್ತದೆ ಅನ್ನುವುದು ನೆನಪಿರಲಿ. ಎರಡು ತಲೆಯ ಹಕ್ಕಿಯಾದ್ದರಿಂದ ಮರೆತರೂ ಜಾಸ್ತಿ ಯಾರಿಗೂ ಗೊತ್ತಾಗುವುದಿಲ್ಲ.